ಇಸಿಲ: ಒಂದು ಪದಪ್ರಶ್ನೆಯ ಇತಿಹಾಸ

ಪದಜ್ಞಾನದ ಸ್ಪರ್ಧೆಗಳಲ್ಲಿಯೂ ಉದ್ಯೋಗಾರ್ಥಿಗಳ ಸಾಮಾನ್ಯಜ್ಞಾನದ ಕೈಪಿಡಿಗಳಲ್ಲಿಯೂ ಮತ್ತೆ ಮತ್ತೆ ಕಾಣಬರುವ ಪ್ರಶ್ನೆಯೊಂದಿದೆ: ಕನ್ನಡದ ಮೊತ್ತಮೊದಲ ಲಿಖಿತ ಪದ ಯಾವುದು? ಇದಕ್ಕೆ ನಿರೀಕ್ಷಿತವಾದ ಉತ್ತರ ‘ಇಸಿಲ’. ವಿದ್ಯಾರ್ಥಿಯು ಈ ಮೂರಕ್ಷರಗಳನ್ನು ಬರೆದು ತನಗೆ ಸಲ್ಲಬೇಕಾದ ಅಂಕವನ್ನು ಪಡೆದು ಮುಂದಿನ ಪ್ರಶ್ನೆಗೆ ಸಾಗುತ್ತಾನೆ. ಉತ್ತರ ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಮೂರಕ್ಷರಗಳ ಹಿಂದೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ವಿದ್ವದ್ವಿವಾದವೊಂದು ಇದೆ. ಅದು ಮೊಳಕಾಲ್ಮೂರು ತಾಲ್ಲೂಕಿನ ಮೂರು ಬಂಡೆಗಳ ಮೇಲೆ ಆರಂಭವಾಯಿತು. ಅದರಲ್ಲಿ ಕೆಲವು ಪ್ರಶ್ನೆಗಳು ತೀರ್ಮಾನವಾಗಿವೆ, ಕೆಲವು ಆಗಿಲ್ಲ. ಯಾವುದು ತೀರ್ಮಾನವಾಗಿದೆ, ಯಾವುದು ಆಗಿಲ್ಲ, ತೀರ್ಮಾನವಾದದ್ದು ಯಾವ ಬಗೆಯ ಪ್ರಮಾಣದಿಂದ ಎಂಬುದನ್ನು ವಿಚಾರಿಸುವುದೇ ಇಲ್ಲಿಯ ಪ್ರಯತ್ನ.

ಮೊದಲಿಗೆ ಪದಸ್ಪರ್ಧೆಯ ವಿಷಯವಾಗಿ ಎರಡು ಮಾತು. ಪದಗಳನ್ನು ಒಡ್ಡಿ ಎದುರಾಳಿಯನ್ನು ಪರೀಕ್ಷಿಸುವ ವಿನೋದ ನಮ್ಮಲ್ಲಿ ಹೊಸತೇನೂ ಅಲ್ಲ. ಸಮಸ್ಯಾಪೂರಣ, ಪ್ರಹೇಲಿಕೆ, ಅವಧಾನ, ಮನೆಯಂಗಳದ ಒಗಟು ಇವೆಲ್ಲವೂ ಅದೇ ಕುಲಕ್ಕೆ ಸೇರಿದವು. ಅಚ್ಚಿನ ಯುಗದಲ್ಲಿ ಇದಕ್ಕೆ ಬೇರೊಂದು ರೂಪ ಬಂತು. 1913ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಆರ್ಥರ್ ವಿನ್ ರಚಿಸಿದ ಪದಬಂಧವನ್ನು ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಅದು ಲೋಕದ ಎಲ್ಲ ಭಾಗಗಳಿಗೂ ಹರಡಿತು. 1925ರಲ್ಲಿ ಅಮೆರಿಕದಲ್ಲಿ ಒಂಬತ್ತು ಮಕ್ಕಳು ಭಾಗವಹಿಸಿದ ಪ್ರಥಮ ರಾಷ್ಟ್ರೀಯ ಕಾಗುಣಿತ ಸ್ಪರ್ಧೆ ನಡೆಯಿತು. 1945ರಲ್ಲಿ ರೀಡರ್ಸ್ ಡೈಜೆಸ್ಟ್ ಮಾಸಪತ್ರಿಕೆಯಲ್ಲಿ ಪದಸಂಪತ್ತನ್ನು ಹೆಚ್ಚಿಸಿಕೊಳ್ಳುವ ಪರೀಕ್ಷೆಯೊಂದು ಪ್ರಾರಂಭವಾಯಿತು. ಅದನ್ನು ಆರಂಭಿಸಿದ ವಿಲ್ಫ್ರೆಡ್ ಫಂಕ್ ಅವರು ಫಂಕ್ ಅಂಡ್ ವ್ಯಾಗ್ನಲ್ಸ್ ಎಂಬ ನಿಘಂಟು ಪ್ರಕಾಶನಸಂಸ್ಥೆಯ ಅಧ್ಯಕ್ಷರಾಗಿದ್ದವರು. ನಿಘಂಟನ್ನು ಮಾರುವವರೇ ಪ್ರಶ್ನೆ ಕೇಳುವುದು, ಅವರ ನಿಘಂಟೇ ಉತ್ತರದ ಕೊನೆಯ ಪ್ರಮಾಣವಾಗುವುದು ಎಂಬ ಪದ್ಧತಿ ಹೀಗೆ ನೆಲೆಗೊಂಡಿತು. ಪದಪ್ರಿಯರಾದ ಅನೇಕರು ಸಂತೋಷದಿಂದಲೇ ಈ ಪಂದ್ಯಗಳಿಗೆ ಇಳಿದರು. ಅದರಲ್ಲಿ ದೋಷವೇನೂ ಇಲ್ಲ. ಪದವನ್ನು ಪ್ರೀತಿಸುವವನಿಗೆ ಪರೀಕ್ಷೆಯೂ ಒಂದು ಹಬ್ಬವೇ.

ಆದರೆ ಈ ಪಂದ್ಯಗಳಿಗೆ ಒಂದು ಸಾಮಾನ್ಯಲಕ್ಷಣವಿದೆ. ಉತ್ತರ ಮೊದಲೇ ನಿಶ್ಚಿತವಾಗಿ ಮುಚ್ಚಿದ ಲಕೋಟೆಯಲ್ಲಿರುತ್ತದೆ. ಒಂದು ಸೂಚನೆಗೆ ಎರಡು ಪದಗಳು ಸಮಾನವಾಗಿ ಒಪ್ಪುವ ಪಕ್ಷದಲ್ಲಿ, ಸ್ಪರ್ಧಿಯು ಊಹಿಸಬೇಕಾದದ್ದು ಪದದ ಅರ್ಥವನ್ನಲ್ಲ, ವ್ಯವಸ್ಥಾಪಕನ ಮನಸ್ಸನ್ನು. ಈ ಸಂಗತಿ ಒಮ್ಮೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋದುದುಂಟು, ಅದರಲ್ಲಿ ಬೆಂಗಳೂರಿನ ಪಾತ್ರವೂ ಇತ್ತು. ಆರ್.ಎಂ.ಡಿ.ಸಿ. ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ಬಹುಮಾನದ ಪದಬಂಧ ಸ್ಪರ್ಧೆಯನ್ನು ನಡೆಸುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಅಚ್ಚಾದರೂ ಮುಂಬಯಿ ಪ್ರಾಂತದಲ್ಲಿ ಅದರ ಪ್ರಚಾರ ಬಹಳ. ಆದುದರಿಂದ ಮುಂಬಯಿ ಸರಕಾರ ಅದರ ಮೇಲೆ ತೆರಿಗೆಯನ್ನು ವಿಧಿಸಹೊರಟಿತು. 1955ರಲ್ಲಿ ಕೇಂದ್ರದ ಸಂಸತ್ತು ಬಹುಮಾನ ಸ್ಪರ್ಧೆಗಳ ಅಧಿನಿಯಮವನ್ನು ಮಾಡಿ, ತಿಂಗಳೊಂದಕ್ಕೆ ಒಟ್ಟು ಬಹುಮಾನ 1,000 ರೂಪಾಯಿಗಳನ್ನಾಗಲಿ ಪ್ರವೇಶಗಳ ಸಂಖ್ಯೆ 2,000ವನ್ನಾಗಲಿ ಮೀರಬಾರದೆಂದು ಕಟ್ಟುಮಾಡಿತು. 1957ರ ಏಪ್ರಿಲ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವ್ಯಾಜ್ಯಗಳಲ್ಲಿ ತೀರ್ಪನ್ನಿತ್ತಿತು. ಜೂಜಿನ ಸ್ವಭಾವದ ಸ್ಪರ್ಧೆಗೆ ವ್ಯಾಪಾರಸ್ವಾತಂತ್ರ್ಯದ ರಕ್ಷಣೆ ಇಲ್ಲ; ಯಾವುದರಲ್ಲಿ ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿದೆಯೋ ಅದಕ್ಕೆ ಈ ಅಧಿನಿಯಮ ತಗಲುವುದಿಲ್ಲ ಎಂಬುದು ಅದರ ಸಾರ. ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬೇರೆ ಕಾರಣಗಳಿಗಾಗಿ ಓದುತ್ತಾರೆ. ಭಾಷೆಯ ವಿದ್ಯಾರ್ಥಿಗೆ ಇದರಿಂದ ಏಳುವ ಪ್ರಶ್ನೆ ಇಷ್ಟೆ: ಪದದ ಅರ್ಥವನ್ನು ಕಂಡುಹಿಡಿಯುವುದರಲ್ಲಿ ಕೌಶಲವೆಲ್ಲಿ ಮುಗಿಯುತ್ತದೆ, ಊಹೆಯೆಲ್ಲಿ ಮೊದಲಾಗುತ್ತದೆ? ಶಾಸನಗಳ ಪದಗಳನ್ನು ಬಿಡಿಸಹೊರಟವರಿಗೆ ಮುಚ್ಚಿದ ಲಕೋಟೆ ಇರಲಿಲ್ಲ. ಅವರು ಏನನ್ನು ನೆಚ್ಚಿದರೆಂಬುದನ್ನು ಜಟಿಂಗ ರಾಮೇಶ್ವರದಲ್ಲಿ ಚೆನ್ನಾಗಿ ನೋಡಬಹುದು.

ಚಿತ್ರದುರ್ಗ ಜಿಲ್ಲೆಯಲ್ಲಿ ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಸಾಗುವ ಸೀಮೆ ಬಯಲುಸೀಮೆಯೇ ಆದರೂ ಮೊಳಕಾಲ್ಮೂರು ತಾಲ್ಲೂಕನ್ನು ಸೇರುತ್ತಲೇ ಕರಿಯ ಹೆಬ್ಬಂಡೆಗಳ ಗುಡ್ಡಗಳು ಎದ್ದುನಿಲ್ಲುತ್ತವೆ. ಅವುಗಳಲ್ಲಿ ಒಂದು ಜಟಿಂಗ ರಾಮೇಶ್ವರದ ಬೆಟ್ಟ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದ ಸ್ಥಳವಿದೆಂದೂ ಶ್ರೀರಾಮನು ಇಲ್ಲಿ ಲಿಂಗವನ್ನು ಪ್ರತಿಷ್ಠಿಸಿದನೆಂದೂ ಸ್ಥಳೀಯರ ನಂಬಿಕೆ. ಜಟಾಯುವಿನಿಂದಲೇ ಜಟಿಂಗ ಎಂಬ ಹೆಸರು ಬಂದಿತೆನ್ನುತ್ತಾರೆ. ಬೆಟ್ಟದ ಮೇಲೆ ರಾಮೇಶ್ವರ ದೇವಾಲಯಕ್ಕೆ ಏರುವ ಮೆಟ್ಟಿಲುಗಳ ಎದುರಿಗೆ ಇಳಿಜಾರಾದ ಹಾಸುಬಂಡೆಯೊಂದಿದೆ. ಅದರ ಮೇಲೆ ಅಶೋಕ ಚಕ್ರವರ್ತಿಯ ಕಿರುಬಂಡೆ ಶಾಸನದ ಒಂದು ಪ್ರತಿಯನ್ನು ಕೆತ್ತಲಾಗಿದೆ. ಇದಕ್ಕೆ ಸಮೀಪದಲ್ಲಿಯೇ ಬ್ರಹ್ಮಗಿರಿಯಲ್ಲಿ ಒಂದು ಪ್ರತಿಯೂ, ಇಂದು ಅಶೋಕ ಸಿದ್ದಾಪುರವೆಂದು ಕರೆಯಲಾಗುವ ಸಿದ್ದಾಪುರದ ಬಳಿ ಇನ್ನೊಂದು ಪ್ರತಿಯೂ ಇವೆ. ಈ ಮೂರನ್ನೂ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದು ಅದೇ ವರ್ಷ ಪ್ರಕಟಿಸಿದರು. ಅಶೋಕನ ಆಜ್ಞೆ ತುಂಗಭದ್ರೆಯ ದಕ್ಷಿಣಕ್ಕೂ ನಡೆಯುತ್ತಿತ್ತೆಂಬುದು ಆ ದಿನ ವಿದ್ವಾಂಸರಿಗೆ ವಿಸ್ಮಯದ ಸುದ್ದಿ.

ಊರವರಿಗೆ ಈ ಬಂಡೆಗಳು ಅಪರಿಚಿತವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಅವಕ್ಕೆ ಹೆಸರುಗಳಿದ್ದವು. ಬ್ರಹ್ಮಗಿರಿಯ ಬಂಡೆ ‘ಅಕ್ಷರ ಗುಂಡು’. ಜಟಿಂಗ ರಾಮೇಶ್ವರದ ಬಂಡೆ ‘ಬಳೆಗಾರ ಗುಂಡು’. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಲ್ಲಿಯೇ ಕುಳಿತು ವ್ಯಾಪಾರ ಮಾಡುತ್ತಿದ್ದುದರಿಂದ ಬಂದ ಹೆಸರು ಅದು. ತಲೆಮಾರುಗಳ ಕಾಲ ಜನರು ಕುಳಿತು ಎದ್ದು ನಡೆದಾಡಿದುದರಿಂದ ಅಲ್ಲಿಯ ಅಕ್ಷರಗಳು ಬಹಳ ಮಟ್ಟಿಗೆ ಸವೆದುಹೋಗಿವೆ. ಮೂರು ಪ್ರತಿಗಳಲ್ಲಿ ಹೆಚ್ಚು ಹಾನಿಗೊಂಡದ್ದು ಇದೇ. ಬ್ರಹ್ಮಗಿರಿ ಸಿದ್ದಾಪುರಗಳ ಪಾಠವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಇದನ್ನು ಓದುವುದು ಸಾಧ್ಯವಿಲ್ಲ. ಒಂದು ಊರಿನ ಜನ ತಮಗೆ ಓದಲು ಬಾರದ ಬರಹವಿದ್ದ ಬಂಡೆಯನ್ನು ‘ಅಕ್ಷರ’ವೆಂದು ಕರೆದು ಗೌರವಿಸಿದರು, ಇನ್ನೊಂದೆಡೆಯ ಜನ ಅಂಥದೇ ಬಂಡೆಯನ್ನು ಬಳೆಗಾರರಿಗೆ ಬಿಟ್ಟುಕೊಟ್ಟರು. ಎರಡೂ ಹೆಸರುಗಳು ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತವೆ.

ಈ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲವಾಯಿತೆಂದೂ, ಮೊದಲು ಅಷ್ಟಾಗಿ ಉದ್ಯಮಶೀಲನಾಗಿರಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಚೆನ್ನಾಗಿ ಉದ್ಯಮಿಸಿದನೆಂದೂ ಅಶೋಕ ಹೇಳಿಕೊಳ್ಳುತ್ತಾನೆ. ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಪ್ರಯತ್ನದಿಂದ ಇದು ಸಾಧ್ಯವೆಂಬುದು ಮುಂದಿನ ಮಾತು. ಬಳಿಕ ತಂದೆತಾಯಿಗಳ ಶುಶ್ರೂಷೆ, ಪ್ರಾಣಿದಯೆ, ಸತ್ಯವಚನ, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿ ಬರುತ್ತವೆ. ವಿಷಯ ಸರಳ. ತೊಡಕಿರುವುದೆಲ್ಲ ಪದಗಳಲ್ಲಿ.

ಅವುಗಳಲ್ಲಿ ಪ್ರಸಿದ್ಧವಾದದ್ದು ‘ವ್ಯುಥ’ ಎಂಬ ಪದ ಮತ್ತು ಅದರ ಪಕ್ಕದಲ್ಲಿರುವ 256 ಎಂಬ ಅಂಕೆ. ಉತ್ತರಭಾರತದ ಸಹಸ್ರಾಂ, ರೂಪನಾಥಗಳ ಪ್ರತಿಗಳಲ್ಲಿಯೂ ಈ ಅಂಕೆ ಇದ್ದುದರಿಂದ ರೈಸರ ಶೋಧನೆಗೆ ಮೊದಲೇ ಚರ್ಚೆ ಆರಂಭವಾಗಿತ್ತು. ಜಾರ್ಜ್ ಬ್ಯೂಲರ್ 1877ರಲ್ಲಿಯೇ ಇದನ್ನು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳ ಸಂಖ್ಯೆಯೆಂದು ವ್ಯಾಖ್ಯಾನಿಸಿದರು. ‘ವ್ಯುಥ’ ಎಂದರೆ ಹೊರಟುಹೋದವನು, ಅಂದರೆ ಬುದ್ಧ. ಇದು ನಿಜವಾದಲ್ಲಿ ಭಾರತದ ಇತಿಹಾಸದ ಕಾಲಗಣನೆಗೇ ಒಂದು ಭದ್ರವಾದ ಗೂಟ ದೊರೆತಂತೆ. ಬಹುಮಾನ ದೊಡ್ಡದು, ಆದುದರಿಂದಲೇ ಆ ಅರ್ಥದ ಆಕರ್ಷಣೆಯೂ ದೊಡ್ಡದು. ಫ್ರಾನ್ಸಿನ ಎಮಿಲ್ ಸೆನಾರ್ ಇದನ್ನು ಒಪ್ಪಲಿಲ್ಲ. ಧರ್ಮಪ್ರಚಾರಕ್ಕಾಗಿ ಹೊರಟ 256 ಮಂದಿ ದೂತರನ್ನು ಇದು ಹೇಳುತ್ತದೆಂದರು. ಕನ್ನಡನಾಡಿನ ರಾಜವಂಶಗಳ ಚರಿತ್ರೆಯನ್ನು ಬರೆದು ನಮಗೆ ಸುಪರಿಚಿತರಾದ ಜೆ. ಎಫ್. ಫ್ಲೀಟ್ ವರ್ಷಗಳ ಪಕ್ಷವನ್ನೇ ಹಿಡಿದು ಅನೇಕ ಲೇಖನಗಳಲ್ಲಿ ವಾದಿಸಿದರು.

ಈ ಪಂದ್ಯವನ್ನು ತಿರುಗಿಸಿದ್ದು ಒಂದು ಅಕ್ಷರ. ಸಹಸ್ರಾಮಿನ ಪ್ರತಿಯಲ್ಲಿ ಅಂಕೆಯ ಜೊತೆಗೆ ಸಂಖ್ಯೆಯನ್ನು ಪದಗಳಲ್ಲಿಯೂ ಬರೆದಿದೆ. ಆ ಪದಗಳ ನಡುವೆ ‘ಲಾತಿ’ ಎಂಬುದು ಅಡಗಿತ್ತು. ಪೂರ್ವದೇಶದ ಪ್ರಾಕೃತದಲ್ಲಿ ರೇಫವು ಲಕಾರವಾಗುತ್ತದೆ: ‘ರಾಜ’ವು ‘ಲಾಜ’ವಾಗುವಂತೆ ‘ರಾತಿ’ಯು ‘ಲಾತಿ’. ಅಂದರೆ ರಾತ್ರಿ. 1910ರಲ್ಲಿ ಎಫ್. ಡಬ್ಲ್ಯು. ಥಾಮಸ್ ಇದನ್ನು ಎತ್ತಿತೋರಿಸಿ, 256 ಎಂಬುದು ಯಾತ್ರೆಯಲ್ಲಿ ಮನೆಯಿಂದ ಹೊರಗೆ ಕಳೆದ ರಾತ್ರಿಗಳ ಎಣಿಕೆಯೆಂದು ಸಿದ್ಧಪಡಿಸಿದರು. ‘ವ್ಯುಥ’ವು ‘ವಿ’ ಉಪಸರ್ಗದೊಡನೆ ‘ವಸ್’ ಧಾತುವಿನಿಂದ ಬಂದದ್ದು, ವಾಸಮಾಡಿ ಕಳೆದದ್ದು ಎಂದರ್ಥ. ಗಮನಿಸಬೇಕಾದ ಅಂಶವೆಂದರೆ ಜಟಿಂಗ ರಾಮೇಶ್ವರವನ್ನೊಳಗೊಂಡ ನಮ್ಮ ಮೂರು ಪ್ರತಿಗಳನ್ನು ಎಷ್ಟು ಕಾಲ ದಿಟ್ಟಿಸಿದರೂ ಈ ಉತ್ತರ ದೊರೆಯುತ್ತಿರಲಿಲ್ಲ. ಇಲ್ಲಿ ಪದವಿದೆ, ಅಂಕೆಯಿದೆ. ರಾತ್ರಿ ಎಂಬ ಮಾತಿಲ್ಲ. ಉತ್ತರವಿದ್ದದ್ದು ಬಿಹಾರದ ಒಂದು ಬೆಟ್ಟದ ಮೇಲೆ. ಅನಂತರ ಫ್ಲೀಟರು ರಾತ್ರಿಗಳ ಪಕ್ಷಕ್ಕೆ ಬಂದರಾದರೂ ತಮ್ಮ ವರ್ಷಗಳನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ನಿರ್ವಾಣದಿಂದ ಕಳೆದ ವರ್ಷವೊಂದಕ್ಕೆ ಒಂದರಂತೆ ಚಕ್ರವರ್ತಿ 256 ರಾತ್ರಿಗಳನ್ನು ಕಳೆದನೆಂದು ಸಮನ್ವಯ ಮಾಡಿದರು. ಒಮ್ಮೆ ಪ್ರೀತಿಸಿದ ಅರ್ಥವನ್ನು ತೊರೆಯುವುದು ಪಂಡಿತರಿಗೂ ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ವಿರಳ. 1925ರಲ್ಲಿ ಹುಲ್ಟ್ಸ್ ಅವರು ಪ್ರಕಟಿಸಿದ ಅಶೋಕ ಶಾಸನಗಳ ಸಂಪುಟದಲ್ಲಿ ರಾತ್ರಿಗಳೇ ಅಂಗೀಕೃತವಾದವು. 1961ರಲ್ಲಿ ಉತ್ತರಪ್ರದೇಶದ ಅಹ್ರೌರಾದಲ್ಲಿ ಹೊಸ ಪ್ರತಿಯೊಂದು ದೊರೆತು, ಅದರಲ್ಲಿ ಬುದ್ಧನ ಧಾತುವಿನ ಪ್ರತಿಷ್ಠೆಯ ಪ್ರಸ್ತಾಪವಿದ್ದುದರಿಂದ, ಆ ರಾತ್ರಿಗಳನ್ನು ಎಲ್ಲಿಂದ ಎಣಿಸಬೇಕೆಂಬ ಚರ್ಚೆ ಮತ್ತೆ ಎದ್ದಿತು. ರಾತ್ರಿ ಎಂಬುದು ಸ್ಥಿರವಾಯಿತು. ಯಾವ ರಾತ್ರಿಗಳೆಂಬುದು ಸ್ಥಿರವಾಗಲಿಲ್ಲ.

ಇದೇ ರೀತಿ ‘ದೇವಾನಾಂಪಿಯ’ ಎಂಬ ಬಿರುದನ್ನು ಹೊತ್ತವನು ಅಶೋಕನೇ ಎಂಬುದೂ ನಿಘಂಟಿನಿಂದ ನಿರ್ಣಯವಾದುದಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಪ್ರತಿಯಲ್ಲಿ ‘ಅಸೋಕ’ ಎಂಬ ಹೆಸರೇ ದೊರೆಯಿತು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಪ್ರಕಟಿಸಿದರು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂಗಳಲ್ಲಿಯೂ ಆ ಹೆಸರು ಕಂಡುಬಂತು. ಪ್ರತಿಯ ಮೇಲೆ ಪ್ರತಿ ದೊರೆತಂತೆ ಒಂದೊಂದು ಪದ ಬಿಡುತ್ತ ಬಂತು.

ಇನ್ನು ಕೆಲವು ಪದಗಳು ವಿವಾದಕ್ಕಿಂತ ಹೆಚ್ಚಾಗಿ ವಿನೋದವನ್ನು ಕೊಡುತ್ತವೆ. ‘ಮಹಾಮಾತ’ ಎಂಬುದು ಸಂಸ್ಕೃತದ ‘ಮಹಾಮಾತ್ರ’. ಅಶೋಕನ ಕಾಲದಲ್ಲಿ ಇದು ಉನ್ನತ ರಾಜಾಧಿಕಾರಿಯ ಹೆಸರು. ಅದೇ ಪದ ಕಾಲಾಂತರದಲ್ಲಿ ಆನೆಯನ್ನು ನಡೆಸುವವನೆಂಬ ಅರ್ಥವನ್ನೂ ತಾಳಿ, ದೇಶಭಾಷೆಗಳಲ್ಲಿ ಸವೆದು, ನಮ್ಮ ‘ಮಾವುತ’ನಾಗಿ ಉಳಿದಿದೆ. ಪದಸ್ಪರ್ಧೆಯೊಂದರಲ್ಲಿ ‘ಮಹಾಮಾತ್ರ ಎಂದರೆ ಯಾರು?’ ಎಂದು ಕೇಳಿ ಅಮಾತ್ಯ, ಆನೆ ನಡೆಸುವವ ಎಂಬ ಎರಡು ಉತ್ತರಗಳನ್ನು ಕೊಟ್ಟರೆ ಯಾವುದಕ್ಕೆ ಗುರುತು ಹಾಕಬೇಕು? ಶತಮಾನವನ್ನು ಹೇಳದೆ ಉತ್ತರವಿಲ್ಲ. ‘ಆಚರಿಯ’ ಎಂಬ ಪ್ರಾಕೃತ ರೂಪವೂ ಹೀಗೆಯೇ. ‘ಆಚಾರ್ಯ’ನಿಗೆ ಸಮೀಪದ ಈ ಮಾತಿನ ಸೋದರ ರೂಪವಾದ ‘ಆಚಾರಿ’ ಇಂದು ನಮ್ಮ ಹಳ್ಳಿಗಳಲ್ಲಿ ಬಡಗಿಯನ್ನೂ ಅಕ್ಕಸಾಲಿಗನನ್ನೂ ಹೇಳುತ್ತದೆ.

ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ. ‘ಚ’ಕಾರವನ್ನು ‘ಮತ್ತು’ ಎಂಬರ್ಥದ ಅವ್ಯಯವೆಂದು ಬಿಡಿಸಿದರೆ ಅವನು ಪಡ. ಹೆಸರಿನೊಡನೆ ಕೂಡಿಸಿದರೆ ಚಪಡ. ಇಂದು ಚಪಡನೆಂಬುದೇ ರೂಢಿಯಾಗಿದೆ. ಈ ಲಿಪಿಕಾರನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ವೃತ್ತಿಸೂಚಕ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಹರಿಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಗಡಿಯ ಲಿಪಿ. ಸಿಂಧೂ ನದಿಯಾಚೆಯ ಶಹಬಾಜಗಢಿಯಲ್ಲಿ ಓದಬಲ್ಲವರಿದ್ದ ಆ ಬರಹವನ್ನು ಮೊಳಕಾಲ್ಮೂರಿನ ಬೆಟ್ಟದ ಮೇಲೆ ಓದುವವರು ಯಾರಿದ್ದರು? ತನ್ನ ವಿದ್ಯೆಯನ್ನು ಮೆರೆಯಿಸಬೇಕೆಂಬ ಬಯಕೆಯ ಹೊರತು ಇದಕ್ಕೆ ಬೇರೆ ಕಾರಣ ನಮಗೆ ತೋರದು. ನಮ್ಮ ನಾಡಿನ ಪದವಿನೋದಿಗಳ ಪಟ್ಟಿಯನ್ನು ಯಾರಾದರೂ ಸಿದ್ಧಪಡಿಸುವುದಾದರೆ ಚಪಡನ ಹೆಸರನ್ನು ಮೊದಲಿಗೆ ಬರೆಯಬಹುದು. ಇನ್ನೊಂದು ಸ್ವಾರಸ್ಯವೆಂದರೆ, ಅವನ ಊರ ಕಡೆಯ ಅಶೋಕ ಶಾಸನಗಳಲ್ಲಿ ಬರುವುದು ‘ಲಿಪಿ’ ಅಲ್ಲ, ‘ದಿಪಿ’. ಅದು ಪ್ರಾಚೀನ ಪಾರಸಿಕ ಸಾಮ್ರಾಟರ ಶಾಸನಗಳ ಪದವೇ ಆಗಿದೆ. ನಾವು ದಿನವೂ ಬಳಸುವ ‘ಲಿಪಿ’ ಎಂಬ ಮಾತು ಆ ದಾರಿಯಿಂದಲೇ ಬಂದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಸವೆದ ಬಳೆಗಾರ ಗುಂಡಿನ ಮೇಲೆಯೂ ಈ ಖರೋಷ್ಠಿಯ ಗುರುತು ಉಳಿದುಕೊಂಡಿದೆ.

ಈಗ ‘ಇಸಿಲ’. ಶಾಸನದಲ್ಲಿರುವ ರೂಪ ‘ಇಸಿಲಸಿ’. ‘ಸಿ’ ಎಂಬುದು ಪ್ರಾಕೃತದ ಸಪ್ತಮೀ ವಿಭಕ್ತಿ. ಇಸಿಲದಲ್ಲಿ ಎಂದರ್ಥ. ಇದು ಊರಿನ ಹೆಸರೆಂಬುದು ನಿರ್ವಿವಾದ. ಮೂರು ಶಾಸನಗಳ ನಡುವಣ ಪ್ರದೇಶದಲ್ಲಿ ಆ ಊರು ಇದ್ದಿರಬೇಕೆಂಬುದನ್ನೂ ಎಲ್ಲರೂ ಒಪ್ಪುತ್ತಾರೆ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನಗಳಿಂದ ನಯಗೊಳಿಸಿದ ಕಲ್ಲುಕೊಡಲಿಗಳ ಕಾಲದಿಂದ ಆರಂಭಿಸಿ ಬೃಹತ್ ಶಿಲಾಗೋರಿಗಳ ಕಾಲವನ್ನು ದಾಟಿ ಐತಿಹಾಸಿಕ ಯುಗದವರೆಗೆ ಅಲ್ಲಿ ಜನವಸತಿ ಇದ್ದುದು ಗೊತ್ತಾಯಿತು. ಆದರೆ ಗುದ್ದಲಿಗೆ ಊರು ಸಿಕ್ಕುತ್ತದೆಯೇ ಹೊರತು ಊರಿನ ಹೆಸರಿನ ಅರ್ಥ ಸಿಕ್ಕುವುದಿಲ್ಲ.

ಆ ಅರ್ಥವನ್ನು ಕನ್ನಡದಲ್ಲಿ ಹುಡುಕಿದವರು ಡಿ. ಎಲ್. ನರಸಿಂಹಾಚಾರ್ಯರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಪ್ರಾಧ್ಯಾಪಕರಾಗಿದ್ದ ಅವರು ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಅದ್ವಿತೀಯರು; ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಕಾರ್ಯದಲ್ಲಿಯೂ ಪ್ರಮುಖರು; ಪದಗಳ ಜೀವನಚರಿತ್ರೆಯನ್ನು ಹೇಳುವ ‘ಶಬ್ದವಿಹಾರ’ವನ್ನು ಬರೆದವರು. ಹಳಗನ್ನಡದಲ್ಲಿ ‘ಇಸು’ ಅಥವಾ ‘ಎಸು’ ಎಂದರೆ ಬಾಣವನ್ನು ಬಿಡು, ಪ್ರಯೋಗಿಸು. ಪಂಪನಿಂದ ಹಿಡಿದು ಯುದ್ಧವನ್ನು ವರ್ಣಿಸಿದ ಎಲ್ಲ ಕವಿಗಳಲ್ಲಿಯೂ ಈ ಧಾತು ದೊರೆಯುತ್ತದೆ. ‘ಇಸಿಲ’ವು ಈ ಧಾತುವಿಗೆ ಸಂಬಂಧಿಸಿದ ಕನ್ನಡ ಪದವೆಂಬುದು ಆಚಾರ್ಯರ ಅಭಿಪ್ರಾಯ. ಇದಕ್ಕೆ ಬೆಂಬಲವಾಗಿ ಹೇಳಬಹುದಾದ ಸಂಗತಿಗಳಿವೆ. ಬರೋ ಮತ್ತು ಎಮೆನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಜ್ಞಾತಿಪದಕೋಶ ಕನ್ನಡದ ‘ಎಸು’, ‘ಇಸು’ಗಳನ್ನು ತಮಿಳಿನ ‘ಎಯ್’ ಧಾತುವಿನೊಡನೆ ಒಂದೇ ಗುಂಪಿನಲ್ಲಿ ಸೇರಿಸುತ್ತದೆ. ತಮಿಳಿನಲ್ಲಿ ‘ಎಯಿಲ್’ ಎಂದರೆ ಕೋಟೆ. ಬಾಣವನ್ನು ಎಸೆಯುವ ನೆಲೆ ಕೋಟೆಯಾಗುವುದು ಅಸಹಜವಲ್ಲ. ಪ್ರಾಕೃತ ಪದಗಳು ವ್ಯಂಜನಾಂತವಾಗುವುದಿಲ್ಲ. ಆದುದರಿಂದ ಕನ್ನಡದಲ್ಲಿ ‘ಇಸಿಲ್’ ಎಂದಿದ್ದ ಹೆಸರಿಗೆ ಪ್ರಾಕೃತದ ಲಿಪಿಕಾರ ಅಕಾರವನ್ನು ಸೇರಿಸಿ ‘ಇಸಿಲ’ವೆಂದು ಬರೆದಿರುವುದು ಸಾಧ್ಯ. ಬ್ರಹ್ಮಗಿರಿಯಂಥ ಬೆಟ್ಟದ ಬುಡದಲ್ಲಿ, ಮಹಾಮಾತ್ರರು ವಾಸಿಸುತ್ತಿದ್ದ ಗಡಿನಾಡಿನ ಪಟ್ಟಣಕ್ಕೆ ಕೋಟೆಯೆಂಬ ಹೆಸರು ಒಪ್ಪುತ್ತದೆ.

ಎದುರು ಪಕ್ಷಕ್ಕೂ ಬಲವಿದೆ. ಪ್ರಾಕೃತದಲ್ಲಿ ಋಷಿಯು ‘ಇಸಿ’ಯಾಗುತ್ತಾನೆ, ಬುದ್ಧನು ಮೊದಲ ಉಪದೇಶವನ್ನು ಕೊಟ್ಟ ಸ್ಥಳ ಪಾಳಿಯಲ್ಲಿ ‘ಇಸಿಪತನ’. ಪ್ರಾಕೃತದಲ್ಲಿ ಬರೆದ ಶಾಸನದ ಪದವನ್ನು ಮೊದಲು ಪ್ರಾಕೃತದಿಂದಲೇ ವಿವರಿಸಲು ಯತ್ನಿಸಬೇಕೆಂಬುದು ನ್ಯಾಯವಾದ ನಿಯಮ. ಅಲ್ಲದೆ ಊರ ಹೆಸರುಗಳು ಅರ್ಥವನ್ನು ಬೇಗ ಕಳೆದುಕೊಳ್ಳುತ್ತವೆ, ಹಳೆಯ ಜನಗಳ ಮಾತನ್ನು ಹೊಸ ಜನ ಅರ್ಥವರಿಯದೆ ಮುಂದುವರಿಸುತ್ತಾರೆ. ದ್ರಾವಿಡವೆಂದು ಒಪ್ಪಿದರೂ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅದು ನಿರ್ದಿಷ್ಟವಾಗಿ ಕನ್ನಡವೇ ಎಂದು ಹೇಳಲು ಆ ಒಂದು ಪದದಲ್ಲಿಯೇ ಕುರುಹಿರಬೇಕು. ಯಕಾರದ ಸ್ಥಾನದಲ್ಲಿ ಸಕಾರವಿರುವುದು ಅಂಥ ಕುರುಹೆಂದು ವಾದಿಸಬಹುದು, ಏಕೆಂದರೆ ‘ಇಸು’ ಎಂಬ ರೂಪ ನಮ್ಮದು. ನನಗೆ ಈ ವಾದ ಪ್ರಬಲವೆನಿಸುತ್ತದೆ. ಆದರೆ ಪ್ರಬಲವಾದ ವಾದವೂ ಸಿದ್ಧಾಂತವೂ ಒಂದೇ ಅಲ್ಲ. ‘ಲಾತಿ’ಯಂತೆ ಕೈಹಿಡಿದು ನಿಲ್ಲಿಸುವ ಪ್ರಮಾಣ ಇಲ್ಲಿ ದೊರೆತಿಲ್ಲ. ಊರ ಹೆಸರಿಗೆ ಆಧಾರ ಈ ಶಾಸನಗಳೇ ಹೊರತು ಅರ್ಥಸಹಿತವಾದ ಬೇರೊಂದು ಉಲ್ಲೇಖವಿಲ್ಲ.

ಈ ಪಂದ್ಯದ ಬಹುಮಾನ ಏನೆಂಬುದನ್ನೂ ಹೇಳಬೇಕು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿಯ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಎಣಿಸುತ್ತಾರೆ. ‘ಇಸಿಲ’ ಕನ್ನಡವಾದರೆ ಕನ್ನಡದ ಲಿಖಿತ ಸಾಕ್ಷ್ಯ ಅಲ್ಲಿಂದ ಏಳುನೂರು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಕನ್ನಡಿಗರಾದ ನಮಗೆ ಇದಕ್ಕಿಂತ ಪ್ರಿಯವಾದ ಉತ್ತರ ಬೇರೆ ಯಾವುದಿದೆ? ಪ್ರಿಯವಾದುದರಿಂದಲೇ ಎಚ್ಚರ ಹೆಚ್ಚು ಬೇಕು. ಬ್ಯೂಲರಿಗೂ 256 ವರ್ಷಗಳು ಹೀಗೆಯೇ ಪ್ರಿಯವಾಗಿದ್ದವು. ಇದರ ಇನ್ನೊಂದು ದೃಷ್ಟಾಂತ ಈಜಿಪ್ಟಿನ ಆಕ್ಸಿರಿಂಕಸ್ ಪ್ರಹಸನ. 1903ರಲ್ಲಿ ಪ್ರಕಟವಾದ ಆ ಗ್ರೀಕ್ ಪಪೈರಸ್‌ನಲ್ಲಿ ಬರುವ ಅಪರಿಚಿತ ಭಾಷೆಯ ಮಾತುಗಳು ಕನ್ನಡವೆಂದು ಮರುವರ್ಷವೇ ಸೂಚಿಸಿದವರು ಅಶೋಕ ಶಾಸನಗಳನ್ನು ಸಂಪಾದಿಸಿದ ಹುಲ್ಟ್ಸ್ ಅವರೇ. ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಮುಂದುವರಿಸಿದರು, ಬೇರೆ ಪಂಡಿತರು ಒಪ್ಪಲಿಲ್ಲ. ಅಲ್ಲಿ ಒಬ್ಬೊಬ್ಬರು ಅಕ್ಷರಗಳನ್ನು ಒಂದೊಂದು ಬಗೆಯಲ್ಲಿ ಬಿಡಿಸಿದರು. ಅದರೊಡನೆ ಹೋಲಿಸಿದರೆ ‘ಇಸಿಲ’ದ ವಾದ ಬಹಳ ಸಂಯಮದ್ದು, ಅಕ್ಷರಗಳ ಓದಿನಲ್ಲಿ ಸಂಶಯವಿಲ್ಲ, ಸ್ಥಳ ಕನ್ನಡನಾಡಿನದೇ, ಧಾತುವೂ ಕನ್ನಡದಲ್ಲಿ ಸುಪ್ರಸಿದ್ಧ.

ಹಾಗಾದರೆ ನಿಘಂಟುಕಾರರು ಇಂಥ ಪದಗಳನ್ನು ಹೇಗೆ ನಡೆಸಿಕೊಂಡರು? ನಮ್ಮ ಹಳೆಯ ಕೋಶಗಳಾದ ರನ್ನಕಂದ, ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜ ನಿಘಂಟು ಇವು ಕವಿಗಳಿಗಾಗಿ ರಚಿತವಾದವು; ಪದ್ಯದಲ್ಲಿ ಕಂಠಪಾಠಕ್ಕೆ ಅನುಕೂಲವಾಗಿ ಅರ್ಥವನ್ನು ಕಟ್ಟಿಕೊಟ್ಟವು. ಅಲ್ಲಿ ಪ್ರಮಾಣವನ್ನು ಕೇಳುವ ಪದ್ಧತಿಯಿರಲಿಲ್ಲ. ವಿಲಿಯಂ ರೀವ್ ಅವರ 1832ರ ಕರ್ಣಾಟಕ–ಇಂಗ್ಲಿಷ್ ಕೋಶವನ್ನು ದಾಟಿ, ಫರ್ಡಿನೆಂಡ್ ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ಸುಮಾರು 70,000 ಪದಗಳ ಕೋಶಕ್ಕೆ ಬಂದಾಗ, ಪದದ ಜೊತೆಗೆ ಆಕರವನ್ನು ಸೂಚಿಸುವುದೂ ಜ್ಞಾತಿಪದಗಳನ್ನು ಕೊಡುವುದೂ ಕಾಣುತ್ತದೆ. ಎಲ್ಲಿ ತಮಗೆ ಸಂಶಯವಿತ್ತೋ ಅಲ್ಲಿ ಕಿಟ್ಟೆಲರು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಲು ಸಂಕೋಚಪಡಲಿಲ್ಲ. ಅವರ ಕೋಶ ಪ್ರಕಟವಾಗುವ ಎರಡು ವರ್ಷಗಳ ಹಿಂದೆಯಷ್ಟೆ ರೈಸರು ಜಟಿಂಗ ರಾಮೇಶ್ವರವನ್ನು ಹತ್ತಿದ್ದರು. ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ 1970ರಲ್ಲಿಯೂ ಎಂಟನೆಯದಾದ ಕೊನೆಯ ಸಂಪುಟ 1995ರಲ್ಲಿಯೂ ಹೊರಬಂದವು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಸಂಗ್ರಹಿಸಿ, ಪ್ರತಿಯೊಂದು ಅರ್ಥಕ್ಕೂ ಪ್ರಯೋಗವನ್ನು ತೋರಿಸಿಯೇ ಮುಂದುವರಿಯುವುದು ಅದರ ಕ್ರಮ. ಪದದ ಅರ್ಥವನ್ನು ನಿಘಂಟುಕಾರ ಕೊಡುವುದಲ್ಲ. ಬಳಸಿದವರು ಕೊಟ್ಟದ್ದನ್ನು ಅವನು ಬರೆದುಕೊಳ್ಳುತ್ತಾನೆ.

ಆ ನಿಘಂಟಿನ ಸಂಪಾದನೆಯಲ್ಲಿ ದೀರ್ಘಕಾಲ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ತೆರೆದ ಪದಸ್ಪರ್ಧೆಯೊಂದನ್ನು ನಡೆಸಿದರೆಂದೇ ಹೇಳಬಹುದು. 1991ರಿಂದ ‘ಪ್ರಜಾವಾಣಿ’ಯಲ್ಲಿ ಬರತೊಡಗಿದ ‘ಇಗೋ ಕನ್ನಡ’ ಎಂಬ ಅಂಕಣದಲ್ಲಿ ಪ್ರಶ್ನೆ ಕೇಳುತ್ತಿದ್ದವರು ಓದುಗರು. ಉತ್ತರ ಹುಡುಕಬೇಕಾದವರು ನಿಘಂಟುಕಾರರು. ಪಾತ್ರಗಳು ಅದಲುಬದಲಾಗಿದ್ದವು. ತಮ್ಮ ಊರಿನ ಹೆಸರು, ಅಜ್ಜಿ ಬಳಸುತ್ತಿದ್ದ ಮಾತು, ಪತ್ರಿಕೆಯಲ್ಲಿ ಕಂಡ ವಿಚಿತ್ರ ರೂಪ ಇವುಗಳನ್ನು ಹಿಡಿದು ನಾಡಿನ ಮೂಲೆಮೂಲೆಗಳಿಂದ ಜನರು ಬರೆದರು. ಬಹುಮಾನವಿಲ್ಲದ, ಪ್ರವೇಶಶುಲ್ಕವಿಲ್ಲದ ಈ ಪಂದ್ಯಕ್ಕೆ ಬಂದ ಕಾಗದಗಳ ರಾಶಿ, ಪದಪ್ರೀತಿಗೆ ಲಕೋಟೆಯ ಉತ್ತರ ಅನಿವಾರ್ಯವಲ್ಲವೆಂಬುದನ್ನು ತೋರಿಸಿತು.

ಕಾಲೇಜುಗಳಲ್ಲಿ ಪದಸ್ಪರ್ಧೆಗಳನ್ನು ಏರ್ಪಡಿಸುವ ಅಧ್ಯಾಪಕರು ‘ಇಸಿಲ’ವನ್ನು ಪ್ರಶ್ನೆಪತ್ರಿಕೆಯಿಂದ ತೆಗೆದುಹಾಕಬೇಕಾಗಿಲ್ಲ. ಪ್ರಶ್ನೆಯ ರೂಪವನ್ನು ಬದಲಾಯಿಸಿದರೆ ಸಾಕು: ಇಸಿಲವನ್ನು ಕನ್ನಡ ಪದವೆಂದು ಯಾರು, ಯಾವ ಆಧಾರದ ಮೇಲೆ ಹೇಳಿದರು, ಅದಕ್ಕೆ ಎದುರಾಗಿ ಏನನ್ನು ಹೇಳಬಹುದು? ಹತ್ತು ಸಾಲುಗಳ ಉತ್ತರ, ಐದು ಅಂಕ. ಸಾಧ್ಯವಾದವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರಕ್ಕೂ ಹೋಗಿಬರಬಹುದು. ಮೂರೂ ಒಂದೇ ಹಗಲಿನ ಪ್ರಯಾಣ. ಬ್ರಹ್ಮಗಿರಿಯನ್ನು ಮೊದಲು ನೋಡುವುದು ಲೇಸು, ಏಕೆಂದರೆ ಅಲ್ಲಿಯ ಪಾಠವನ್ನು ಕೈಯಲ್ಲಿ ಹಿಡಿಯದೆ ಬಳೆಗಾರ ಗುಂಡಿನ ಮುಂದೆ ನಿಂತವರಿಗೆ ಕಲ್ಲಿನ ಮೇಲೆ ಅಲ್ಲೊಂದು ಇಲ್ಲೊಂದು ಗೆರೆಯಲ್ಲದೆ ಹೆಚ್ಚೇನೂ ಕಾಣಿಸದು.